ಲಾಭ ಬಿಟ್ಟು ಹತ್ತೊಂಬತ್ತು ಸೇರು

ಜಗತ್ತಿನಲ್ಲಿ ಹೇಳಿಕೊಳ್ಳಲಾಗದ ಉದ್ಯೋಗಗಳು ಅಂತ ಕೆಲವು ಇವೆ. ಕಳ್ಳತನ, ಜೂಜು ಮೊದಲಾದವನ್ನು ಮಾಡುವವರು ಹೇಳಿಕೊಳ್ಳುವುದಿಲ್ಲ, ಅದು ಸಹಜ. ನನ್ನದು ಮರ್ಯಾದಸ್ಥ ಸರ್ಕಾರಿ ನೌಕರಿ. ಆದರೂ ಹೇಳಿಕೊಳ್ಳಲಾಗುವುದಿಲ್ಲ, ಯಾಕೆಂದರೆ ನಾನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಾರೆ. ‘ಕೃಷಿ, ಅರಣ್ಯ ಮತ್ತು ಮೀನುಗಾರಿಕೆ ವಲಯಗಳು ನಾಡಿನ ಆರ್ಥಿಕತೆಗೆ ನೀಡುವ ಕೊಡುಗೆಯನ್ನು ಅಂದಾಜು ಮಾಡಲು ಬೇಕಾದ ಅಂಕಿ-ಅಂಶಗಳನ್ನು ತಾಲ್ಲೂಕು ಮಟ್ಟದಲ್ಲಿ ಸಂಗ್ರಹಿಸುವ ಕೆಲಸ’ ಎಂಬುದು ನನ್ನ ಕೆಲಸ. ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಕೇಳಿದರೆ, ವಾಕ್ಯದ ಮೊದಲರ್ಧಕ್ಕೆ ಕೋಸಂಬರಿ ಬಂದಿರುತ್ತದೆ, ಉಳಿದರ್ಧಕ್ಕೆ ಪಾಯಸ. ಹಾಗಾಗಿ ಈಚೀಚೆಗೆ ‘ತಾಲ್ಲೂಕು ಆಫೀಸಿನ ಕಡೆ’ ಎಂದುಬಿಡುತ್ತೇನೆ. ಕೂಡಲೇ ಅವರ ಮುಖ ಅರಳುತ್ತದೆ. “ಅಂಗಾರೆ ಒಂದ್ ಖಾತೆ ಬದ್ಲಾವಣೆ ಆಗ್ಬೇಕಿತ್ತು ಸಾ” ಎನ್ನುತ್ತಾರೆ. ಅದು ನನ್ನ ಕೈಲಿಲ್ಲ ಎಂದ ಮೇಲೆ ಅರಳಿದ ಮುಖ ಮತ್ತೆ ಪಾಯಸದ ಕಡೆ ತಿರುಗುತ್ತದೆ.

ಆದರೂ ಒಳಗೊಳಗೇ ನನಗೆ ಒಂದು ಗರ್ವ ಇದೆ, ನಿಮ್ಮ ಹತ್ತಿರ ಮುಚ್ಚಿಡುವುದೇಕೆ. ಟಿ.ವಿ.ಯಲ್ಲಿ ದೊಡ್ಡವರು ಯಾರಾದರೂ ಬಂದು ಕೃಷಿ ವಲಯದ ಬೆಳವಣಿಗೆ ದರ ಇಷ್ಟು ಬಿಂದು ಇಷ್ಟು ಎಂದು ಹೇಳುವಾಗ ನಾನು ಸೋಫಾದಲ್ಲಿ ನೆಟ್ಟಗೆ ಕೂತುಕೊಳ್ಳುತ್ತೇನೆ. ಆ ಬಿಂದುವಿನ ಆಚೆ ಇರುವ ಕೊನೆಯ ಅಂಕಿಯಲ್ಲಿ ನನ್ನದೂ ಒಂದು ಚೂರು ಬೆವರು ಇದೆಯಲ್ಲ ಎಂದು. ಹೆಂಡತಿ ರತ್ನ ಒಳಗಿನಿಂದಲೇ “ರೀ, ಅದೇನು ನೋಡ್ತಾ ಕೂತಿದ್ದೀರಿ, ಚಾನೆಲ್ ತಿರುಗಿಸ್ರೀ” ಎನ್ನುತ್ತಾಳೆ. ತಿರುಗಿಸುತ್ತೇನೆ. ದೇಶದ ಆರ್ಥಿಕತೆಯನ್ನು ಅಳೆಯುವವನಿಗೆ ಮನೆಯ ರಿಮೋಟಿನ ಮೇಲೆ ಅಧಿಕಾರ ಇರುವುದಿಲ್ಲ.

ಅಳೆಯುವುದು ಎಂದರೆ ನೀವು ಸುಲಭ ಅಂದುಕೊಳ್ಳಬೇಡಿ. ನಾನು ಹುಟ್ಟಿ ಬೆಳೆದದ್ದು ನಂಜನಗೂಡು ಟೌನಿನಲ್ಲಿ, ಅಪ್ಪ ಬಸ್ ಕಂಡಕ್ಟರು, ನಮ್ಮ ಮನೆಗೆ ಅಕ್ಕಿ ಬರುತ್ತಿದ್ದದ್ದು ರೇಷನ್ ಅಂಗಡಿಯಿಂದ. ಭತ್ತಕ್ಕೂ ನನಗೂ ನಡುವೆ ಒಂದು ರೈಸ್ ಮಿಲ್ಲಿನ ಅಂತರ ಇತ್ತು. ಅಂಥವನನ್ನು ಪರೀಕ್ಷೆ ಪಾಸು ಮಾಡಿದ ಒಂದೇ ತಪ್ಪಿಗೆ ಸರ್ಕಾರ ಗದ್ದೆಗೆ, ಕಾಡಿಗೆ, ಹೊಳೆಗೆ ಅಟ್ಟಿತು. ಮುಡುಕುತೊರೆ ಹತ್ತಿರ ಹೊಳೆದಂಡೆಯಲ್ಲಿ ತೆಪ್ಪ ಕವುಚಿ ಹಾಕಿ ಬಲೆ ಬಿಡಿಸುತ್ತಿದ್ದವರೊಬ್ಬರನ್ನು “ಈ ವಾರ ಎಷ್ಟು ಕೆಜಿ ಮೀನು ಆಯ್ತು?” ಎಂದು ಕೇಳಿದೆ. ಅವರು ತಲೆ ಎತ್ತದೆ, “ಇಡ್ದಿದ್ದಾ, ಮಾರಿದ್ದಾ, ತಿಂದಿದ್ದಾ, ತಪ್ಪಿಸ್ಕಂಡಿದ್ದಾ ಸಾ? ತಪ್ಪಿಸ್ಕಂಡಿದ್ದೇ ಎಲ್ಲಾಕಿಂತ ದೊಡ್ದು, ಅದ್ನೇ ಬರ್ಕಳಿ” ಅಂದರು. ನಮ್ಮ ನಮೂನೆಯಲ್ಲಿ ತಪ್ಪಿಸಿಕೊಂಡ ಮೀನಿಗೆ ಕಾಲಂ ಇಲ್ಲ. ಇನ್ನೊಮ್ಮೆ ಬಿಳಿಗೆರೆ ಕಡೆ ಸೌದೆ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರನ್ನು ನಿಲ್ಲಿಸಿ, ಒಂದು ಹೊರೆ ಸೌದೆ ಎಷ್ಟು ಕೆಜಿ ತೂಗುತ್ತದೆ ಎಂದು ಕೇಳಿದೆ. “ಒತ್ಕಂಡು ನೋಡಪ್ಪ, ಗೊತ್ತಾಯ್ತದೆ” ಎಂದು ಹೊರೆಯನ್ನು ಅನಾಮತ್ತಾಗಿ ನನ್ನ ತಲೆ ಮೇಲೆ ಇಟ್ಟೇಬಿಟ್ಟರು. ಹತ್ತು ಹೆಜ್ಜೆ ನಡೆದೆ. ಆ ತಿಂಗಳು ಅರಣ್ಯ ವಲಯಕ್ಕೆ ನಾನು ಬರೆದುಕೊಟ್ಟ ತೂಕ ಬೇರೆಯವರೆಲ್ಲ ಬರೆದುಕೊಟ್ಟಿದ್ದಕ್ಕಿಂತ ದುಪ್ಪಟ್ಟು ಇತ್ತು. ಆಫೀಸಿನಿಂದ ವಿವರಣೆ ಕೇಳಿದರು. ಅದು ನನ್ನ ಕುತ್ತಿಗೆಯ ಅಂದಾಜು ಎಂದು ಬರೆಯಲು ಧೈರ್ಯ ಸಾಲದೆ ಸೌದೆ ಹಸಿ ಇತ್ತು ಎಂದು ಬರೆದೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ನನ್ನ ಉದ್ಯೋಗವನ್ನು ಜಗತ್ತು ಗೌರವಿಸದಿದ್ದರೂ ಒಬ್ಬರಾದರೂ ಗೌರವಿಸಲಿ ಎಂದು ಹನ್ನೆರಡು ವರ್ಷದಿಂದ ಕಾಯುತ್ತಿದ್ದೆ. ಅವರು ನನ್ನ ಮಾವ, ಪುಟ್ಟಬಸಪ್ಪನವರು. ಊರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಹೆಮ್ಮಿಗೆ. ನಾಲೆ ನೀರಿನ ಗದ್ದೆ ಇದೆ, ಹಸು ಇವೆ, ಆ ಗದ್ದೆಯ ಮೇಲೆ ಅವರಿಗೆ ಇರುವ ನಂಬಿಕೆ ನನಗೆ ನನ್ನ ಪಿಂಚಣಿಯ ಮೇಲೂ ಇಲ್ಲ. ಊರಲ್ಲಿ ಯಾರಿಗಾದರೂ ನನ್ನ ಪರಿಚಯ ಮಾಡಿಕೊಡುವಾಗ “ನಮ್ ಅಳಿಯಂದ್ರು. ಗೋರ್ಮೆಂಟಲ್ಲಿ ಎಣಿಸೋ ಕೆಲ್ಸ” ಎನ್ನುತ್ತಾರೆ. ಎದುರಿನವರು “ಏನ್ ಎಣಿಸ್ತಾರೆ?” ಎಂದರೆ, “ಏನ್ ಸಿಕ್ರೆ ಅದ” ಎಂದು ಮುಗಿಸುತ್ತಾರೆ. ಮನುಷ್ಯ ಒಳ್ಳೆಯವರು. ನಂಜನಗೂಡಿನ ಅಳಿಯ ಎಂದ ಮೇಲೆ ರಸಬಾಳೆ ತರಬೇಕು, ಆದರೆ ಅದರ ರೇಟು ಕೇಳಿದ ಮೇಲೆ ನಾನು ಏಲಕ್ಕಿ ಬಾಳೆ ತಂದು ರಸಬಾಳೆ ಎನ್ನುತ್ತೇನೆ. ಮಾವ ಒಂದು ಸುಲಿದು ಬಾಯಿಗೆ ಹಾಕಿಕೊಂಡು “ಈ ಸಲದ ರಸಬಾಳೆ ವಸಿ ಸಣ್ಣವಾಗವೆ” ಎನ್ನುತ್ತಾರೆ, ಅಷ್ಟೇ. ಅಂಥವರ ಕಣ್ಣಲ್ಲಿ ದೊಡ್ಡವನಾಗಬೇಕೆಂದು ಯಾವ ಅಳಿಯನಿಗೆ ಆಸೆ ಇರುವುದಿಲ್ಲ?

ಆ ಅವಕಾಶ ಕಳೆದ ಭತ್ತದ ಕಟಾವಿನಲ್ಲಿ ಬಂತು. ನಮ್ಮಲ್ಲಿ ಬೆಳೆ ಕಟಾವು ಪ್ರಯೋಗ ಅಂತ ಒಂದಿದೆ. ಪ್ರತಿ ಗದ್ದೆಯ ಭತ್ತವನ್ನೂ ತೂಗುತ್ತಾ ಹೋದರೆ ಮುಂದಿನ ಜನ್ಮಕ್ಕೂ ಮುಗಿಯುವುದಿಲ್ಲ. ಅದಕ್ಕೇ ಒಂದು ಊರಲ್ಲಿ ಎರಡು ಸರ್ವೆ ನಂಬರುಗಳನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸಿ ಕೊಡುತ್ತದೆ. ಆ ಗದ್ದೆಗೆ ಹೋಗಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಒಂದು ಚೌಕಕ್ಕೆ ಗೂಟ ಹೊಡೆದು ಹಗ್ಗ ಕಟ್ಟಬೇಕು, ಅದರೊಳಗಿನ ಬೆಳೆಯನ್ನು ಮಾತ್ರ ಕುಯ್ದು, ಬಡಿದು, ತೂರಿ, ತೂಗಬೇಕು. ಬಂದ ತೂಕವನ್ನು ನಾನೂರರಿಂದ ಗುಣಿಸಿದರೆ ಒಂದು ಹೆಕ್ಟೇರಿನ ಇಳುವರಿ. ಇಂಥ ಚೌಕಗಳನ್ನೆಲ್ಲ ಕೂಡಿಸಿ, ಭಾಗಿಸಿ, ಗುಣಿಸಿ, ಕೊನೆಗೆ ದೇಶಕ್ಕೆ ರೈತನ ಕೊಡುಗೆ ಇಷ್ಟು ಎಂದು ತೀರ್ಮಾನವಾಗುತ್ತದೆ. ಹೆಮ್ಮಿಗೆಯ ಎರಡು ನಂಬರುಗಳಲ್ಲಿ ಒಂದು ಚಿಕ್ಕಮಾದಪ್ಪ ಎಂಬುವರ ಗದ್ದೆ. ಇನ್ನೊಂದು, ಅದರ ಬದುವಿಗೇ ಅಂಟಿಕೊಂಡ ನನ್ನ ಮಾವನವರ ಗದ್ದೆ.

ನಾನು ನಮ್ಮ ಆಫೀಸಿನ ಮೇಡಂ ಹತ್ತಿರ ಹೋಗಿ, “ಮೇಡಂ, ಅದು ನಮ್ಮ ಮಾವನೋರ ಗದ್ದೆ, ಬೇರೆಯವರನ್ನ ಕಳಿಸಿ” ಎಂದು ಪ್ರಾಮಾಣಿಕವಾಗಿಯೇ ಹೇಳಿದೆ. ಅವರು ಫೈಲಿನಿಂದ ಕಣ್ಣು ಎತ್ತಲಿಲ್ಲ. “ಕಂಪ್ಯೂಟರಿಗೆ ಮಾವ ಅಳಿಯ ಅಂತೆಲ್ಲ ಗೊತ್ತಿಲ್ಲ ಕಣ್ರೀ. ನೀವೂ ಗೊತ್ತಿಲ್ಲದವರ ಥರ ಅಳೆದುಬಿಟ್ಟು ಬನ್ನಿ” ಅಂದರು. ಗೊತ್ತಿಲ್ಲದವನ ಥರವೇ ಅಳೆದೆ ಎಂಬುದು ಆಮೇಲೆ ಸಾಬೀತಾಯಿತು.

ಚಿಕ್ಕಮಾದಪ್ಪನವರ ಗದ್ದೆ ಹಿಂದಿನ ದಿನವೇ ಮುಗಿದಿತ್ತು. ಹದಿನೈದೂವರೆ ಕೆಜಿ. ಈ ಚಿಕ್ಕಮಾದಪ್ಪನವರಿಗೂ ಮಾವನವರಿಗೂ ಜಗಳವಿಲ್ಲ. ಪ್ರತಿದಿನ ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು, ಯಾರ ಗದ್ದೆಯ ತೆನೆ ಹೆಚ್ಚು ಬಾಗಿದೆ ಎಂದು ನಲವತ್ತು ವರ್ಷದಿಂದ ವಾದ ಮಾಡುತ್ತಿದ್ದಾರೆ. ಈ ವಾದವನ್ನು ತೀರ್ಮಾನಿಸಲು ಸರ್ಕಾರವೇ ಅಳಿಯನನ್ನು ಕಳಿಸಿದೆ ಎಂದು ಮಾವ ಭಾವಿಸಿದ್ದರು. ನಾನು ಗದ್ದೆ ಹತ್ತಿರ ಹೋದಾಗ ಒಗೆದ ಪಂಚೆ ಉಟ್ಟು ನಿಂತಿದ್ದರು. “ಬನ್ನಿ ಅಳಿಯಂದ್ರೆ, ಇಲ್ಲಿ ಕುಯ್ಯಿರಿ” ಎಂದು ನಟ್ಟನಡುವಿನ ಒಂದು ಜಾಗ ತೋರಿಸಿದರು. ಅಲ್ಲಿ ತೆನೆ ನಿಜವಾಗಿಯೂ ನೆಲ ಮುಟ್ಟುತ್ತಿತ್ತು. ಹಾಗೆಲ್ಲ ನಮಗೆ ಬೇಕಾದ ಕಡೆ ಕುಯ್ಯುವಂತಿಲ್ಲ, ಗದ್ದೆ ಮೂಲೆಯಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ಎಂದು ಆ್ಯಪ್ ಹೇಳಿದ ಕಡೆಯೇ ಚೌಕ ಹಾಕಬೇಕು ಎಂದೆ. “ಆ್ಯಪು ಯಾವತ್ತು ನಾಟಿ ಮಾಡಿತ್ತು?” ಎಂದು ಕೇಳಿದರು. ಅಷ್ಟರಲ್ಲಿ ಆ್ಯಪ್, ನಾನು ಈಗ ಕಾವೇರಿ ಹೊಳೆಯ ನೀರಿನೊಳಗೆ ನಿಂತಿದ್ದೇನೆ ಎಂದು ತೋರಿಸಿತು. ಮೀನುಗಾರಿಕೆ ವಲಯದಿಂದ ಕೃಷಿ ವಲಯಕ್ಕೆ ಬರಲು ಅದಕ್ಕೆ ಕಾಲು ಗಂಟೆ ಹಿಡಿಯಿತು. ಆಮೇಲೆ ನಾನು ಹೆಜ್ಜೆ ಎಣಿಸತೊಡಗಿದೆ. ಪಕ್ಕದಲ್ಲೇ ನಡೆಯುತ್ತಿದ್ದ ಮಾವ, ರತ್ನನ ಮಂಡಿ ನೋವು ಹೇಗಿದೆ, ಬಾಡಿಗೆ ಎಷ್ಟು ಜಾಸ್ತಿ ಮಾಡಿದರು, ಎಂದು ಒಂದೊಂದೇ ಕೇಳುತ್ತಿದ್ದರಿಂದ ಮೂರು ಸಲ ಲೆಕ್ಕ ತಪ್ಪಿ ಮೂರು ಸಲ ಮೂಲೆಗೆ ಹೋಗಿ ಬಂದೆ. “ಎಣಿಸೋ ಕೆಲ್ಸ ಬಾರಿ ಕಷ್ಟದ್ದೇಯ” ಎಂದು ಮಾವ ನನ್ನ ಜೊತೆ ಬಂದಿದ್ದ ಗ್ರಾಮ ಸಹಾಯಕ ಸಿದ್ದರಾಜನಿಗೆ ಹೇಳಿದ್ದು ಕೇಳಿಸಿತು.

ಕುಯ್ದದ್ದಾಯಿತು, ಟಾರ್ಪಾಲಿನ ಮೇಲೆ ಬಡಿದದ್ದಾಯಿತು, ಅತ್ತೆ ಮೊರದಲ್ಲಿ ತೂರಿ ಕೊಟ್ಟರು. ಮನೆ ಮುಂದೆ ಚಿನ್ನದ ಬಣ್ಣದ ಪುಟ್ಟ ರಾಶಿ. ಈಗ ನನ್ನ ಘಳಿಗೆ. ಚೀಲದಿಂದ ಕೊಕ್ಕೆ ಇರುವ ಡಿಜಿಟಲ್ ತಕ್ಕಡಿಯನ್ನು ಗತ್ತಿನಿಂದ ಹೊರತೆಗೆದು ಗುಂಡಿ ಒತ್ತಿದೆ. ಹಿಂದಿನ ದಿನ ಸಿದ್ದರಾಜ ಅದರಲ್ಲಿ ತನ್ನ ಕುರಿಮರಿ ತೂಗಿ ನೋಡಿ ಆಫ್ ಮಾಡಲು ಮರೆತಿದ್ದನಂತೆ. ತಕ್ಕಡಿ ಒಂದು ಸಲ ಕಣ್ಣು ಬಿಟ್ಟು ಮುಚ್ಚಿಕೊಂಡಿತು. ಊರಿನ ಅಂಗಡಿಯಲ್ಲಿ ಆ ಅಳತೆಯ ಸೆಲ್ ಮುಗಿದಿತ್ತು. ಕೊನೆಗೆ ಅತ್ತೆಯ ಟಿ.ವಿ. ರಿಮೋಟಿನಿಂದ ಎರಡು ಸೆಲ್ ಬಿಚ್ಚಿ ಹಾಕಿದೆ. ಅತ್ತೆ ಧಾರಾವಾಹಿ ಹೊತ್ತಿಗೆ ವಾಪಸ್ ಬರಬೇಕು ಎಂಬಂತೆ ಗೋಡೆ ಗಡಿಯಾರದ ಕಡೆ ನೋಡಿದರು. ಆ ಸೆಲ್ಲುಗಳು ಮುದಿಯಾಗಿದ್ದವು. ಎಷ್ಟು ಹೊತ್ತು ಬಾಳುತ್ತವೋ ತಿಳಿಯದೆ ನಾನು ಒಂದು ಜಾಣತನ ಮಾಡಿದೆ. ಮನೆಯ ಹಿತ್ತಾಳೆ ಸೇರಿನಲ್ಲಿ ಒಂದು ಸೇರು ಭತ್ತ ತುಂಬಿ ತೂಗಿದೆ. ಏಳುನೂರ ಐವತ್ತು ಗ್ರಾಂ. ಫೋಟೋ ಹೊಡೆದುಕೊಂಡೆ. ತಕ್ಕಡಿ ಸತ್ತಿತು. ಪರವಾಗಿಲ್ಲ, ಇನ್ನು ಒಟ್ಟು ಎಷ್ಟು ಸೇರು ಎಂದು ಎಣಿಸಿ ಗುಣಿಸಿದರೆ ಆಯಿತಲ್ಲ! ನಿಯಮದಲ್ಲಿ ಹೀಗೆ ಮಾಡಲು ಅವಕಾಶವಿಲ್ಲ. ಆದರೆ ಹೊಟ್ಟೆ ಹಸಿದ ಅಳಿಯನಿಗೆ ಅತ್ತೆಮನೆಯ ಒಗ್ಗರಣೆ ವಾಸನೆ ಬಂದಾಗ ನಿಯಮ ಸ್ವಲ್ಪ ಮಸುಕಾಗುತ್ತದೆ.

ಮಾವ ಕಾಲು ತೊಳೆದುಕೊಂಡು ಬಂದು ರಾಶಿ ಮುಂದೆ ಪೂರ್ವಕ್ಕೆ ಮುಖ ಮಾಡಿ ಕೂತರು. ನಾನು ಎದುರಿಗೆ ಚಾಪೆ ಮೇಲೆ ಪೆನ್ನು ಹಿಡಿದು ಕೂತೆ. ನಾಲ್ಕು ಗೆರೆ ನಿಲ್ಲಿಸಿ, ಐದನೆಯದನ್ನು ಅಡ್ಡ ಎಳೆಯುವುದು ನಮ್ಮ ಪದ್ಧತಿ. ಮಾವ ಮೊದಲ ಸೇರು ತುಂಬಿ, ತಲೆ ಸವರಿ, ಚೀಲಕ್ಕೆ ಸುರಿಯುತ್ತಾ ಗಂಭೀರವಾಗಿ “ಲಾಭ” ಅಂದರು. ನನಗೆ ಮೈ ಜುಂ ಎಂದಿತು. ಎಂಥ ಸಂಸ್ಕೃತಿ! ಲೆಕ್ಕಕ್ಕೆ ಮುಂಚೆ ದೇವರಿಗೆ ಒಂದು ಸೇರು. ನಾನು ಪೆನ್ನು ಕೆಳಗಿಟ್ಟು ಭಕ್ತಿಯಿಂದ ಕೈಮುಗಿದೆ. ಮಾವ ನನ್ನನ್ನು ಒಂದು ಥರ ನೋಡಿದರು. ಪರವಾಗಿಲ್ಲ, ಟೌನಿನವನಾದರೂ ಧಾನ್ಯದ ಬೆಲೆ ತಿಳಿದವನು ಎಂದು ಮೆಚ್ಚಿದ ನೋಟ ಎಂದುಕೊಂಡೆ. ಆಮೇಲೆ “ಎರಡು” ಅಂದರು, ಒಂದು ಗೆರೆ ಎಳೆದೆ. “ಮೂರು” ಅಂದರು, ಇನ್ನೊಂದು ಗೆರೆ. ಎರಡು ಎಂದಾಗ ಒಂದು ಗೆರೆ ಇದೆಯಲ್ಲ ಎಂದು ನಿಮಗೆ ಅನುಮಾನ ಬರಬಹುದು. ನನಗೆ ಬರಲಿಲ್ಲ. ನಾನು ಗೆರೆಯವನು, ಅಂಕಿಯ ಕಡೆ ಕಿವಿ ಕೊಡುವವನಲ್ಲ. ಮಾವ ಹತ್ತರವರೆಗೆ ಎಣಿಸಿ, ಒಂದು ಹುಲ್ಲುಕಡ್ಡಿಯನ್ನು ಪಕ್ಕಕ್ಕಿಟ್ಟು, ಮತ್ತೆ “ಲಾಭ” ಎಂದು ಶುರುಮಾಡಿದರು. ಮತ್ತೆ ಕೈಮುಗಿದೆ. ಇನ್ನೊಂದು ಹತ್ತಾದ ಮೇಲೆ ಮೂರನೆಯ ಸಲ “ಲಾಭ” ಬಂತು, ಮೂರನೆಯ ಸಲವೂ ಕೈಮುಗಿದೆ. ಸಿದ್ದರಾಜನೂ ನನ್ನನ್ನು ನೋಡಿ ಕೈಮುಗಿದ. ಅದರ ಮುಂದಿನ “ಎರಡು” ಎಂಬಲ್ಲಿಗೆ ರಾಶಿ ಮುಗಿಯಿತು. ಗೆರೆ ಎಣಿಸಿದೆ, ಹತ್ತೊಂಬತ್ತು.

ಆಗಲಾದರೂ ತಪ್ಪು ಬಯಲಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ರಾಶಿ ಮುಂದೆ ಕೂತು ಒಟ್ಟು ಎಷ್ಟಾಯಿತು ಎಂದು ಬಾಯಿ ಬಿಟ್ಟು ಹೇಳಬಾರದು, ದೃಷ್ಟಿಯಾಗುತ್ತದೆ ಎಂಬುದು ಮಾವನವರ ನೇಮ. ಲೆಕ್ಕವನ್ನು ರೈತರ ಮುಂದೆ ಚರ್ಚಿಸಬಾರದು ಎಂಬುದು ನನ್ನ ನೇಮ. ಇಬ್ಬರು ನೇಮಸ್ಥರು ಎದುರುಬದುರು ಕೂತು ಬಾಯಿ ಮುಚ್ಚಿಕೊಂಡೆವು. ಮಾವ ಕನ್ನಡಕ ಒಳಗಿದೆ ಎಂದು ಅಂಕಿ ನೋಡದೆ ಸಹಿ ಮಾಡಿದರು. ಹತ್ತೊಂಬತ್ತು ಸೇರು, ಹದಿನಾಲ್ಕೂಕಾಲು ಕೆಜಿ ಎಂದು ಒತ್ತಿ ಕಳಿಸಿದೆ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಯಾವತ್ತೂ ಹೋಗದ ಮಾಹಿತಿ ಅವತ್ತು ಕ್ಷಣದಲ್ಲಿ ಹೋಯಿತು. ಆಮೇಲೆ ಮುದ್ದೆ, ಅವರೆಕಾಳು ಸಾರು, ಅತ್ತೆ ಬಡಿಸಿದ ಎರಡನೆಯ ಮಿಳ್ಳೆ ತುಪ್ಪ. ಲೋಕ ಎಷ್ಟು ಚೆನ್ನಾಗಿದೆ ಅನಿಸಿತು.

ಗುಟ್ಟು ಎಂಬುದು ಊರಲ್ಲಿ ಎಷ್ಟು ದಿನ ನಿಲ್ಲುತ್ತದೆ? ಮಾರನೆಯ ಬೆಳಿಗ್ಗೆಯೇ ಸಿದ್ದರಾಜ ಡೈರಿಯಲ್ಲಿ ಹಾಲು ಹಾಕುತ್ತಾ, ಚಿಕ್ಕಮಾದಪ್ಪನವರದು ಹದಿನೈದೂವರೆ, ಪುಟ್ಟಬಸಪ್ಪನವರದು ಹದಿನಾಲ್ಕೂಕಾಲು ಎಂದು ಹೇಳಿಬಿಟ್ಟ. ನಲವತ್ತು ವರ್ಷದ ವಾದ ಮುಗಿಯಿತು. ಚಿಕ್ಕಮಾದಪ್ಪನವರು ಹೀಯಾಳಿಸಿದ್ದರೆ ಮಾವ ಸರಿಯಾಗಿ ಉತ್ತರ ಕೊಡುತ್ತಿದ್ದರು. ಅವರು ಹಾಗೆ ಮಾಡದೆ, “ಓಗ್ಲಿ ಬುಡಪ್ಪ ಬಸಪ್ಪ, ಒಂದೊಂದ್ ವರ್ಸ ಅಂಗಾಯ್ತದೆ” ಎಂದು ಸಮಾಧಾನ ಹೇಳಿದರಂತೆ. ಸಮಾಧಾನ ತಡೆದುಕೊಳ್ಳುವುದು ಬಹಳ ಕಷ್ಟ. ಮಾವ ಮರುದಿನದಿಂದ ಹಾಲನ್ನು ಅತ್ತೆಯ ಕೈಲಿ ಕಳಿಸತೊಡಗಿದರು.

ಎರಡು ವಾರದ ಮೇಲೆ ಒಂದು ಭಾನುವಾರ ನನಗೆ ಮಾವನವರ ಫೋನು ಬಂತು. ಅವರು ಫೋನು ಮಾಡುವುದೇ ಅಪರೂಪ, ಮಾಡಿದರೆ ಮಗಳಿಗೆ ಮಾಡುತ್ತಾರೆ. “ಅಳಿಯಂದ್ರೆ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬೇಡಿ. ನೀವು ಅತ್ತಾರ್ ಊರ್ ಗದ್ದೆ ನೋಡೋರು. ನಮ್ ಭೂಮಿ ಸೋತೋಗದಾ?” ಎಂದರು. ಹಾಗೆಲ್ಲ ಏನಿಲ್ಲ ಮಾವ ಎಂದೆ. “ಕಣ್ಣಿಗೆ ಚೆಂದಾಗೇ ಕಾಣ್ತಿತ್ತು ಕಣಿ. ಆದ್ರೆ ಕಣ್ಣು ನಮ್ದು, ಅಳ್ತೆ ಸರ್ಕಾರದ್ದು. ನೀವು ಸುಳ್ ಬರೆಯೋರಲ್ಲ. ನಂಗೂ ವಯಸ್ಸಾಯ್ತು, ಗೊಬ್ಬರ ಗಿಬ್ಬರ ಎಡವಟ್ ಮಾಡಿರ್ಬೇಕು. ಮುಂದಿನ್ ಬೆಳೆಗೆ ಗುತ್ಗೆಗೆ ಕೊಟ್ಬುಡನ ಅಂತಿದ್ದೀನಿ. ಚಿಕ್ಕಮಾದಪ್ಪನೇ ಮಾಡ್ಕತೀನಿ ಅಂದವ್ನೆ” ಅಂದರು. ಹನ್ನೆರಡು ವರ್ಷ ನಾನು ಕಾದಿದ್ದ ಗೌರವ ಅದು. ನೀವು ಸುಳ್ಳು ಬರೆಯುವವರಲ್ಲ! ಅದನ್ನು ಕೇಳಿ ನನಗೆ ಸಂತೋಷವಾಗಲಿಲ್ಲ. ಅಷ್ಟು ವರ್ಷ ಕೈಯಾರೆ ಉತ್ತ ನೆಲವನ್ನು ಆ ಮನುಷ್ಯ ನಾನು ಎಳೆದ ಹತ್ತೊಂಬತ್ತು ಗೆರೆ ನಂಬಿ ಬಿಟ್ಟುಕೊಡಲು ಹೊರಟಿದ್ದರು.

ರತ್ನ ಎದುರಿಗೇ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಮುಖ ಊದಿಸಿಕೊಂಡಿದ್ದಳು. “ನಮ್ಮಪ್ಪನ ಗದ್ದೇಲಿ ಕಮ್ಮಿ ಬರೋಕೆ ಸಾಧ್ಯನೇ ಇಲ್ಲ. ನೀವೇ ಏನೋ ಮಾಡಿದ್ದೀರಿ” ಎಂದಳು. ನನಗೆ ಸಿಟ್ಟು ಬಂತು. ನಾನು ಮಾಡಿದ್ದು ಎಷ್ಟು ಶ್ರದ್ಧೆಯ ಕೆಲಸ ಎಂದು ತಿಳಿಯಲಿ ಎಂದು ಅಭಿನಯಿಸಿಯೇ ತೋರಿಸಿದೆ. “ನೋಡು, ನಿಮ್ಮಪ್ಪ ಹೀಗೆ ಕೂತರು, ದೇವರಿಗೆ ಅಂತ ಲಾಭ ಅಂದರು, ನಾನು ಹೀಗೆ ಕೈಮುಗಿದೆ. ಎರಡು ಅಂದರು, ಗೆರೆ ಎಳೆದೆ...” ರತ್ನನ ಕೈ ನಿಂತಿತು. “ಕೈಮುಗಿದ್ರಾ? ಗೆರೆ ಎಳೀಲಿಲ್ವಾ?” ಎಂದಳು. ದೇವರ ಪಾಲಿಗೆ ಗೆರೆ ಎಳೆಯುತ್ತಾರಾ ಎಂದೆ. ಅವಳು ಹುರುಳಿಕಾಯಿ ಮೊರವನ್ನು ಕೆಳಗಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಗುತ್ತಾ ನಗುತ್ತಾ ಅತ್ತಳು ಅಂತಲೂ ಕಾಣುತ್ತದೆ. “ಲಾಭ ಅಂದ್ರೆ ಒಂದು ಕಣ್ರೀ! ಧಾನ್ಯ ಅಳೆಯೋವಾಗ ಒಂದು ಅನ್ನಬಾರದು, ಒಂದೇ ಒಂದಕ್ಕೆ ನಿಂತೋಗುತ್ತೆ ಅಂತ. ಅದಕ್ಕೆ ಲಾಭ ಅಂತಾರೆ. ನಮ್ಮೂರಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು!”

ನಾನು ಕೂತಲ್ಲೇ ಲೆಕ್ಕ ಹಾಕಿದೆ. ಮೂರು ಸಲ ಲಾಭ, ಮೂರು ಸಲ ಕೈಮುಗಿದದ್ದು, ಮೂರು ಸೇರು ಮಾಯ. ಇಪ್ಪತ್ತೆರಡು ಸೇರು ಎಂದರೆ ಹದಿನಾರೂವರೆ ಕೆಜಿ. ಮಾವ ಗೆದ್ದಿದ್ದರು. ಮೂರು ಸೇರಿನ ಎರಡೂಕಾಲು ಕೆಜಿಯನ್ನು ನಾನೂರರಿಂದ ಗುಣಿಸಿದರೆ ಹೆಕ್ಟೇರಿಗೆ ಒಂಬೈನೂರು ಕೆಜಿ. ನಾನು ಮೂರು ನಮಸ್ಕಾರದಲ್ಲಿ ಒಂಬೈನೂರು ಕೆಜಿ ಭತ್ತವನ್ನು ನಾಡಿನ ಲೆಕ್ಕದಿಂದ ಅಳಿಸಿದ್ದೆ. ಮಿಡತೆ ಹಿಂಡು ಬಂದರೂ ಇಷ್ಟು ಬೇಗ ಈ ಕೆಲಸ ಮಾಡಲಾರದು.

ಸೋಮವಾರ ಮೇಡಂ ಎದುರು ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು ನನ್ನನ್ನು ಬೈದರು, ಸೇರಿನಲ್ಲಿ ಅಳೆಯಲು ನಿಮಗೆ ಹೇಳಿದವರು ಯಾರು ಎಂದು ಕೇಳಿದರು, ಮೆಮೋ ಕೊಡುತ್ತೇನೆ ಎಂದರು. ನಂತರ ತಿದ್ದುಪಡಿ ಪುಟ ತೆರೆದರು. ತಿದ್ದುಪಡಿಗೆ ಕಾರಣ ಎಂಬಲ್ಲಿ ಅತಿವೃಷ್ಟಿ, ರೋಗ, ಕಾಡುಹಂದಿ, ಇತರೆ ಎಂದು ನಾಲ್ಕು ಆಯ್ಕೆ ಇದ್ದವು. ಪ್ರಾಮಾಣಿಕವಾಗಿ ನೋಡಿದರೆ ನಾನು ಕಾಡುಹಂದಿಯ ಅಡಿಯಲ್ಲಿ ಬರುತ್ತಿದ್ದೆ. ಇತರೆ ಒತ್ತಿ, ವಿವರದಲ್ಲಿ ‘ಲೆಕ್ಕದಲ್ಲಿ ರೈತನ ಲಾಭ ಬಿಟ್ಟುಹೋಗಿರುತ್ತದೆ’ ಎಂದು ಬರೆದೆ. ಮೇಡಂ ಅದನ್ನು ಎರಡು ಸಲ ಓದಿದರು. “ಇದನ್ನ ಹೀಗೇ ಕಳಿಸಿದರೆ ಮೇಲಿನವರು ನೀವು ಭಾಷಣ ಬರೆದಿದ್ದೀರಿ ಅಂದ್ಕೋತಾರೆ ಕಣ್ರೀ. ಅಳಿಸಿ. ಆ ಭತ್ತ ಇನ್ನೂ ಇದ್ದರೆ ಹೋಗಿ ಸರಿಯಾಗಿ ತೂಗಿಕೊಂಡು ಬನ್ನಿ” ಅಂದರು.

ಈ ಸಲ ಹೊಸ ಸೆಲ್ ನಾಲ್ಕು, ಅತ್ತೆಯ ರಿಮೋಟಿಗೆ ಎರಡು, ಮತ್ತು ನಿಜವಾದ ರಸಬಾಳೆ ಒಂದು ಚಿಪ್ಪು ಕೊಂಡು ಹೆಮ್ಮಿಗೆಗೆ ಹೋದೆ. ದಾರಿಯುದ್ದಕ್ಕೂ ಆ ಭತ್ತ ಮಿಲ್ಲಿಗೆ ಹೋಗಿರಬಾರದಪ್ಪ ಎಂದು ಕಂಡಕಂಡ ದೇವರನ್ನೆಲ್ಲ ಬೇಡಿಕೊಂಡೆ. ಹೋಗಿರಲಿಲ್ಲ. ಮಾವ ಆ ಚೀಲವನ್ನು ಬೇರೆ ಭತ್ತದ ಜೊತೆ ಸೇರಿಸದೆ ನಡುಮನೆಯ ಮೂಲೆಯಲ್ಲಿ ಪ್ರತ್ಯೇಕವಾಗಿ ಇಟ್ಟಿದ್ದರು. ಯಾಕೆ ಎಂದು ಕೇಳಿದರೆ, “ಸೋತಿದ್ ಬತ್ತ ಅಲ್ವಾ, ಬಿತ್ನೆಗೆ ಬೆರೆಯೋದ್ ಬ್ಯಾಡ ಅಂತ” ಎಂದರು. ಆ ಮಾತು ಕೇಳಿದ ಮೇಲೆ ನನಗೆ ಪೀಠಿಕೆ ಹಾಕಲು ಆಗಲಿಲ್ಲ. ಕೊಕ್ಕೆಗೆ ಚೀಲ ಸಿಕ್ಕಿಸಿ ಎತ್ತಿದೆ. ಎರಡು ವಾರದಲ್ಲಿ ಸ್ವಲ್ಪ ಒಣಗಿತ್ತು, ಆದರೂ ಹದಿನಾರರ ಮೇಲೆ ಚಿಲ್ಲರೆ. ಮಾವನವರ ಕಡೆ ತಕ್ಕಡಿಯ ಮುಖ ತಿರುಗಿಸಿದೆ. ಕನ್ನಡಕ ತರಿಸಿಕೊಂಡು ನೋಡಿದರು. “ಮಾವ, ನೀವು ಲಾಭ ಅಂದಾಗಲೆಲ್ಲ ನಾನು ಗೆರೆ ಎಳೀಲಿಲ್ಲ. ದೇವರಿಗೆ ಅಂದ್ಕೊಂಡು ಕೈಮುಗಿದೆ” ಎಂದು ಹೇಳಿಯೇಬಿಟ್ಟೆ.

ಅತ್ತೆ ಅಡಿಗೆಮನೆ ಬಾಗಿಲಲ್ಲಿ ನಿಂತು “ಅಯ್ಯೋ ಶಿವನೇ” ಅಂದರು. ಮಾವ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಭತ್ತ ತೆಗೆದು ನೋಡಿದರು. ಆಮೇಲೆ, “ಅಂಗಾರೆ ಭೂಮಿ ಸೋತಿಲ್ಲ?” ಎಂದು ಕೇಳಿದರು. ಇಲ್ಲ ಮಾವ ಎಂದೆ. “ನಾನು ಎಡವಟ್ ಮಾಡಿಲ್ಲ?” ಇಲ್ಲ ಮಾವ, ಎಡವಟ್ಟು ನಂದು ಎಂದೆ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು ಎದ್ದು ನನ್ನ ಹೆಗಲ ಮೇಲೆ ಕೈ ಇಟ್ಟರು. “ಓಗ್ಲಿ ಬುಡಿ ಅಳಿಯಂದ್ರೆ. ಲಾಭನ ಬುಟ್ಟು ಲೆಕ್ಕ ಬರ್ದ್ರಿ, ಅಷ್ಟೇ ತಾನೆ? ಬ್ಯಾಸಾಯದಲ್ಲಿ ಲಾಭ ಯಾವತ್ತು ಲೆಕ್ಕಕ್ ಸಿಕ್ಕಿತ್ತು?” ಎಂದರು. ಅಷ್ಟು ಹೇಳಿ ಗೂಟದಲ್ಲಿದ್ದ ಅಂಗಿ ತೆಗೆದು ಹಾಕಿಕೊಂಡು, ಹಾಲಿನ ಹೊತ್ತು ಅಲ್ಲದಿದ್ದರೂ ಡೈರಿ ಕಡೆ ಹೊರಟರು. ಒಂದು ಗಂಟೆ ಬಿಟ್ಟು ಬಂದಾಗ ಹತ್ತು ವರ್ಷ ಚಿಕ್ಕವರಾಗಿದ್ದರು. ಗುತ್ತಿಗೆಯ ಮಾತು ಎತ್ತಲಿಲ್ಲ. ಬದಲಿಗೆ ನನ್ನ ಕೈಮುಗಿದ ಕಥೆಯನ್ನು ಅಲ್ಲಿ ಅಭಿನಯ ಸಮೇತ ಹೇಳಿ ಬಂದಿದ್ದರು ಎಂದು ಮಾರನೆಯ ದಿನ ಸಿದ್ದರಾಜ ತಿಳಿಸಿದ. ನಲವತ್ತು ವರ್ಷದ ವಾದ ಮತ್ತೆ ಶುರುವಾಗಿದೆಯಂತೆ. ಚಿಕ್ಕಮಾದಪ್ಪನವರು ತಮ್ಮದನ್ನೂ ಇನ್ನೊಂದು ಸಲ ಅಳೆಯಬೇಕು, ಆದರೆ ಈ ಅಳಿಯ ಬೇಡ ಎನ್ನುತ್ತಿದ್ದಾರಂತೆ.

ಅವತ್ತು ಹೊರಡುವಾಗ ಅತ್ತೆ, ರತ್ನನಿಗೆ ಹೊಸ ಅಕ್ಕಿ ಇಪ್ಪತ್ತು ಸೇರು ಕೊಡಬೇಕು ಎಂದು ಚೀಲ ತಂದರು. ಮಾವ ಸೇರನ್ನು ನನ್ನ ಕೈಗೆ ಕೊಟ್ಟು, “ನೀವೇ ಅಳೀರಿ, ಕಲೀರಿ” ಎಂದರು. ಇದು ನನ್ನ ಮಾನದ ಪ್ರಶ್ನೆ. ಪೂರ್ವಕ್ಕೆ ಮುಖ ಮಾಡಿ ಕೂತೆ. ಮೊದಲ ಸೇರು ತುಂಬಿ, ತಲೆ ಸವರಿ, ಸುರಿಯುತ್ತಾ ಮನೆಯೆಲ್ಲ ಕೇಳುವಂತೆ “ಲಾಭ” ಅಂದೆ. ಮಾವ ತಲೆದೂಗಿದರು. ಆ ತಲೆದೂಗಿನ ಹುಮ್ಮಸ್ಸಿನಲ್ಲಿ ಎರಡನೆಯ ಸೇರು ಸುರಿಯುತ್ತಾ “ಒಂದು” ಅಂದೆ. ಅಂದದ್ದು ನನಗೆ ಗೊತ್ತಾಗಲಿಲ್ಲ. ಎರಡು, ಮೂರು ಎಂದು ಹಾಗೆಯೇ ಮುಂದುವರಿದು, ಇಪ್ಪತ್ತು ಎಂದು ನಿಲ್ಲಿಸಿ ಬೀಗುತ್ತಾ ತಲೆ ಎತ್ತಿದೆ. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಆಗ ಹೊಳೆಯಿತು, ಲಾಭವೂ ಸೇರಿ ಇಪ್ಪತ್ತೊಂದು. ಗಾಬರಿಯಿಂದ ಚೀಲಕ್ಕೆ ಕೈ ಹಾಕಿ ಒಂದು ಸೇರು ವಾಪಸ್ ತೆಗೆಯಲು ಹೋದೆ.

“ಇರ್ಲಿ ಬುಡಿ, ತೆಗೀಬ್ಯಾಡಿ” ಎಂದು ಮಾವ ನನ್ನ ಕೈ ಹಿಡಿದರು. “ಅದೇ ತಪ್ಪಲ್ವಾ ಅಳಿಯಂದ್ರೆ? ನಮ್ದು ಬರ್ಕೊಳೋವಾಗ ಕಮ್ಮಿ ಆಯ್ತು, ನೀವು ತಕ್ಕಂಡ್ ಓಗೋವಾಗ ಜಾಸ್ತಿ ಆಯ್ತು. ಇಂಗೇ ನಡೀಲಿ, ಸರ್ಕಾರಿ ಕೆಲ್ಸ ಚೆನ್ನಾಗ್ ಕಲ್ತಿದ್ದೀರಿ.” ಆ ಒಂದು ಸೇರನ್ನು ವಾಪಸ್ ಸುರಿಯಬೇಕಿತ್ತು. ಚೀಲದ ಬಾಯಿ ಕಟ್ಟಿ ಬೈಕಿಗೆ ಹೇರಿಕೊಂಡೆ.